ಇನ್ನೊಬ್ಬರ ಪಾದದ ಅಳತೆ

ಮೂರು ತಿಂಗಳಿಂದ ದೊಮಿಂಗಾಳಿಗೆ ಬೆಳಗಾಗುವುದೇ ಬೇಡವಾಗಿತ್ತು. ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಊರಿದಳೋ ಇಲ್ಲವೋ, ಬಲ ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದು, ಮೇಜು ಹಿಡಿದು, ಒಲೆಯ ತನಕ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲವಾಗುತ್ತಿತ್ತು. ಗಂಡ ಅಬೆಲಾರ್ಡೊ ಕಂಬಳಿಯೊಳಗಿಂದಲೇ ಕೇಳುತ್ತಿದ್ದ.

"ಇವತ್ತೂ ನೋವಾ?"

"ಇಲ್ಲ, ಡ್ಯಾನ್ಸ್ ಮಾಡ್ತಾ ಇದೀನಿ. ಸುಮ್ನೆ ಮಲ್ಕೊ."

ಪಾಪ, ಅವನಾದರೂ ಏನು ಮಾಡಿಯಾನು! ಜನರನ್ನು ಕೂರಿಸಿ ಬಾಡಿಗೆಗೆ ಓಡಿಸುತ್ತಿದ್ದ ಅವನ ಹಳೇ ಜೀಪ್ನಿ ರಸ್ತೆಗಿಳಿಯದೆ ಎರಡು ವರ್ಷವಾಗಿತ್ತು. ಈಗ ಅದು ಮನೆ ಪಕ್ಕದಲ್ಲಿ ಕೋಳಿಗಳ ಗೂಡು. ಇಬ್ಬರು ಮಕ್ಕಳ ಶಾಲೆ, ಅಕ್ಕಿ, ಗ್ಯಾಸು ಎಲ್ಲವೂ ದೊಮಿಂಗಾಳ ಎರಡು ಪಾದಗಳ ಮೇಲೆ ನಿಂತಿದ್ದವು. ಇದನ್ನು ನಾನು ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಬಾಗಿಯೊ ಎಂಬ ಗುಡ್ಡದೂರಿನ ಪೇಟೆಯ ನಾಲ್ಕು ಮಹಡಿಯ ಬಟ್ಟೆ ಮಳಿಗೆಯೊಂದರ ಬಾಗಿಲಲ್ಲಿ ಅವಳು ಕಾವಲಿನವಳು. ಬಂದವರ ಚೀಲದೊಳಗೆ ಮರದ ಕೋಲು ಇಳಿಸಿ ಒಮ್ಮೆ ತಿರುವಿ, "ಗುಡ್ ಮಾರ್ನಿಂಗ್ ಮ್ಯಾಮ್" ಅನ್ನುವುದು ಕೆಲಸ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ನಿಂತುಕೊಂಡೇ. ಹನ್ನೊಂದು ಜನ ಕಾವಲಿನವರಿದ್ದರು, ಒಂದೇ ಒಂದು ಕುರ್ಚಿ ಇರಲಿಲ್ಲ. ಕಾವಲಿನವರು ಕೂತರೆ ಕಳ್ಳರಿಗೆ ಧೈರ್ಯ ಬರುತ್ತದಂತೆ. ಈ ನಿಯಮ ಮಾಡಿದ ಮಹಾನುಭಾವ ಒಂದು ಮಧ್ಯಾಹ್ನವಾದರೂ ಆ ಬಾಗಿಲಲ್ಲಿ ನಿಂತಿದ್ದನೇ? ಕಂಪನಿ ಕೊಟ್ಟ ಕರೀ ಶೂಗಳ ಅಟ್ಟೆಯೋ ಹಪ್ಪಳದಷ್ಟು ತೆಳು. ಸಾಲದ್ದಕ್ಕೆ ದೊಮಿಂಗಾಳದು ಹುಟ್ಟಿನಿಂದಲೂ ಚಪ್ಪಟೆ ಪಾದ.

ನೋವನ್ನಾದರೂ ಹಲ್ಲು ಕಚ್ಚಿ ಸಹಿಸುತ್ತಿದ್ದಳು. ಅವಳನ್ನು ತಿನ್ನುತ್ತಿದ್ದ ಭಯ ಬೇರೆಯದು. ಕಾವಲು ಕಂಪನಿಯವರು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ತೇಲಿಸುತ್ತಾರೆ. ತೇಲಿಸುವುದೆಂದರೆ ಹೆಸರು ಪಟ್ಟಿಯಲ್ಲಿರುತ್ತದೆ, ಜಾಗ ಇರುವುದಿಲ್ಲ, ಸಂಬಳವೂ ಇರುವುದಿಲ್ಲ. ಕರೆಯುತ್ತೇವೆ, ಫೋನು ಹತ್ತಿರ ಇಟ್ಟುಕೊಂಡಿರಿ ಎನ್ನುತ್ತಾರೆ. ಮಂಡಿ ಹಿಡಿದುಕೊಂಡ ಮೆಲ್ಚೋರ್ ಎಂಬವನನ್ನು ಕಳೆದ ವರ್ಷ ಹೀಗೇ ತೇಲಿಸಿದ್ದರು. ಅವನ ಫೋನು ಇವತ್ತಿಗೂ ಬಡಿದುಕೊಂಡಿಲ್ಲ. ಕುಂಟುವ ಕಾವಲಿನವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆದ್ದರಿಂದ ನೋವು ಶುರುವಾದ ಮೇಲಿನ ಮೊದಲ ಸಂಬಳದ ದಿನವೇ ಅವಳು ಮಾರ್ಕೆಟ್ಟಿನ ಫುಟ್‌ಪಾತಿಗೆ ಹೋಗಿ ಶೂ ಒಳಗೆ ಹಾಕುವ ಹಾಸುಗಳ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ನೀಲಿ ಬಣ್ಣದ್ದು, ತೂತು ತೂತಿನದು, ಜೆಲ್ಲಿ ಥರ ಅಲ್ಲಾಡುವಂಥದ್ದು, ಎಷ್ಟೊಂದು ಬಗೆ! ಪ್ರತಿಯೊಂದನ್ನೂ ಹೆಬ್ಬೆಟ್ಟಿನಿಂದ ಒತ್ತಿ ನೋಡಿದಳು.

"ಎಷ್ಟು ಒತ್ತಿದ್ರೂ ಹಾಲು ಬರಲ್ಲ ಮನಾಂಗ್," ಎಂದಳು ಮಾರುವವಳು. ತನಗಿಂತ ದೊಡ್ಡ ಹೆಂಗಸನ್ನು ಅಲ್ಲಿ ಎಲ್ಲರೂ ಕರೆಯುವುದು ಮನಾಂಗ್ ಎಂದೇ, ನಮ್ಮಲ್ಲಿ ಅಕ್ಕ ಎಂದಂತೆ; ಗಂಡಸಾದರೆ ಮನೋಂಗ್. "ಆ ಜೆಲ್ಲಿಂದು ತಗೊಳ್ಳಿ. ಮೋಡದ ಮೇಲೆ ನಡೆದ ಹಾಗಿರುತ್ತೆ."

"ಮೋಡದ ಮೇಲೆ ನಡೆದು ನನಗೇನಾಗ್ಬೇಕು ತಾಯಿ? ಬಾಗಿಲಲ್ಲಿ ನಿಂತ್ಕೊಳ್ಳೋಕಾದ್ರೆ ಸಾಕು."

ಕೊಂಡಿದ್ದು ಮಾತ್ರ ಜೆಲ್ಲಿಯನ್ನೇ. ಮೊದಲ ವಾರ ಸ್ವರ್ಗ. ಎರಡನೇ ವಾರ ಹಿಮ್ಮಡಿಯ ಜಾಗದಲ್ಲಿ ಅದು ಕುಸಿದು ಗುಳಿಬಿತ್ತು. ಮೂರನೇ ವಾರಕ್ಕೆ ನೋವು ಮೊದಲಿಗಿಂತ ಜಾಸ್ತಿಯಾಗಿ, ಅಂಗಾಲಿನುದ್ದಕ್ಕೂ ಉರಿ ಹತ್ತಿತು. ದುಡ್ಡು ನೀರಲ್ಲಿ ಹೋಮ ಮಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಆಗ ಬಂದವಳು ನಾದಿನಿ ಸೆಫಿಂಗ್. ಹೊರದೇಶದಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆ, ಹಳೇ ಶೂಗಳನ್ನು ಬಿಚ್ಚಿ ಮಾರುವ ಅಂಗಡಿ ಅವಳದು. ಬಾಗಿಯೊದಲ್ಲಿ ಅಂಥ ಅಂಗಡಿಗಳಿಗೆ ಲೆಕ್ಕವಿಲ್ಲ. ಅರ್ಧ ಊರು ಯಾರೋ ಕಾಣದ ಜನರ ಕೋಟು ಹಾಕಿಕೊಂಡೇ ಓಡಾಡುತ್ತದೆ. ಸೆಫಿಂಗ್ ಬಾಗಿಲಲ್ಲೇ ಕೂಗಿದಳು:

"ಮನಾಂಗ್, ನಿಮ್ಮ ನೋವಿಗೆ ಮದ್ದು ತಂದಿದೀನಿ! ನಿನ್ನೆ ಮೂಟೆ ಬಿಚ್ಚಿದ್ರೆ ಒಂದು ಶೂ ಒಳಗೆ ಇದು. ನೋಡಿ, ನೋಡಿ. ಡಾಕ್ಟ್ರು ಅಳತೆ ತಗೊಂಡು ಮಾಡ್ಸಿರೋದು. ಅಡಿಯಲ್ಲಿ ಹೆಸರು ಬರೆದಿದ್ದಾರೆ. ಹೊಸದು ಮಾಡಿಸ್ಬೇಕಂದ್ರೆ ನಿಮ್ಮ ಒಂದು ತಿಂಗಳ ಸಂಬಳ ಬೇಕು, ಗೊತ್ತಾ?"

ಗಟ್ಟಿ ಹಾಸುಗಳು. ಮೇಲೆ ತೆಳ್ಳಗಿನ ಚರ್ಮ, ಪಾದದ ಕಮಾನಿನ ಹತ್ತಿರ ಎತ್ತರದ ಏರು. ಎಡಗಾಲಿನದು ಹಿಮ್ಮಡಿಯ ಹತ್ತಿರ ಒಂದು ಬೆರಳಿನಷ್ಟು ದಪ್ಪ, ಬಲಗಾಲಿನದು ತೆಳ್ಳಗೆ. ದೊಮಿಂಗಾ ಎರಡನ್ನೂ ಜೋಡಿಸಿ ನೋಡಿದಳು.

"ಒಂದು ಸವೆದು ಹೋಗಿದೆಯಲ್ಲೇ."

"ಸವೆದ್ರೂ ಫಾರಿನ್ನು, ಫಾರಿನ್ನೇ! ಮಾರಿದ್ರೆ ಯಾರಾದ್ರೂ ಕಣ್ಮುಚ್ಚಿ ಕೊಂಡ್ಕೊಳ್ಳೋರು. ನಿಮಗೆ ಅಂತ ಎತ್ತಿಟ್ಟೆ."

ಇಷ್ಟು ಹೇಳಿದ ಮೇಲೆ ಬೇಡ ಅನ್ನುವುದುಂಟೇ? ಅಲ್ಲಿನ ಜನ ಹಸಿವನ್ನಾದರೂ ತಡೆದಾರು, ಕೊಟ್ಟವರ ಮುಖ ಸಣ್ಣದಾಗುವುದನ್ನು ತಡೆಯಲಾರರು. ಕೊಟ್ಟ ಅಂಗಿ ಬಿಗಿಯಾದರೆ ಉಸಿರು ಬಿಗಿ ಹಿಡಿದು ತೊಡುತ್ತಾರೆ. ಅಕ್ಕಪಕ್ಕದವರು ಬಂದು ಹಾಸುಗಳನ್ನು ಕೈಯಲ್ಲಿ ಹಿಡಿದು, ತೂಗಿ, ಮೂಸಿ ಹೋದರು. ಆಚೆಮನೆಯ ಮುದುಕಿಯಂತೂ, ಅಮೆರಿಕದ ಡಾಕ್ಟರನ್ನು ಕಾಲಡಿಯಲ್ಲಿ ಇಟ್ಟುಕೊಂಡೆ ಬಿಡು ಎಂದು ನಕ್ಕಳು.

ಒಂಬತ್ತು ದಿನ ಹಾಕಿಕೊಂಡಳು. ಕಮಾನಿನ ಏರು ಪಾದದ ನಡುವೆ ಕಲ್ಲಿನಂತೆ ಒತ್ತಿತು. ಗಟ್ಟಿ ಮದ್ದು, ಒತ್ತಲೇಬೇಕು ಎಂದುಕೊಂಡಳು. ನಾಲ್ಕನೇ ದಿನ ಸೊಂಟದ ಒಂದು ಪಕ್ಕ ಹಿಡಿದುಕೊಂಡಿತು. ಹಳೇ ನೋವು ಹೊರಗೆ ಬರುತ್ತಿದೆ ಎಂದಳು ಸೆಫಿಂಗ್. ಎಂಟನೇ ದಿನ ಮೆಟ್ಟಿಲಿಳಿಯುವಾಗ ಮಗಳು ಹಿಂದಿನಿಂದ ಕೇಳಿದಳು:

"ಅಮ್ಮ, ಯಾಕೆ ಒಂದು ಕಡೆ ವಾಲ್ಕೊಂಡು ನಡೀತಿದೀಯ?"

ದೊಮಿಂಗಾ ಮೆಟ್ಟಿಲಲ್ಲೇ ನಿಂತು ತನ್ನ ಕಾಲು ನೋಡಿಕೊಂಡಳು. ಇಷ್ಟು ದಿನ ನೋವಿತ್ತು, ಕುಂಟು ಇರಲಿಲ್ಲ. ಈಗ ಕುಂಟೂ ಬಂತು. ಆಗಲೂ ಅವಳು ಬೈದದ್ದು ತನ್ನ ಕಾಲುಗಳನ್ನೇ. ಇಷ್ಟು ಒಳ್ಳೆಯ ವಸ್ತು ಒಗ್ಗಿಸಿಕೊಳ್ಳುವ ಯೋಗ್ಯತೆ ನನ್ನ ಈ ಚಪ್ಪಟೆ ಪಾದಕ್ಕಿಲ್ಲ ಎಂದುಕೊಂಡಳು. ನೋಡಿ ಹೇಗಿದೆ! ವಸ್ತು ತಪ್ಪಿರಬಹುದು ಎಂಬ ಯೋಚನೆ ತಲೆಗೆ ಬರಲೇ ಇಲ್ಲ.

ಅದೇ ವಾರ ಸುದ್ದಿ ಬಂತು. ಕಾವಲು ಕಂಪನಿಯ ಮನಿಲಾ ಕಚೇರಿಯಿಂದ ಒಬಿಸ್ಪೊ ಎಂಬ ಸಾಹೇಬರು ಶನಿವಾರ ತಪಾಸಣೆಗೆ ಬರುತ್ತಾರೆ, ಹನ್ನೊಂದು ಜನರಲ್ಲಿ ಇಬ್ಬರನ್ನು ಕಡಿಮೆ ಮಾಡುತ್ತಾರೆ. ಎಲ್ಲರೂ ಸಾಲಾಗಿ ಹೆಜ್ಜೆ ಹಾಕಬೇಕು, ಅವರು ನೋಡಿ ಆರಿಸುತ್ತಾರೆ.

ದೊಮಿಂಗಾ ಸೋಮವಾರ ಆ ಹಾಸುಗಳನ್ನು ತೆಗೆದು, ಹಳೇ ಜೆಲ್ಲಿಯನ್ನೇ ಮತ್ತೆ ಶೂ ಒಳಗೆ ತೂರಿಸಿದಳು. ತೆಗೆದದ್ದನ್ನು ಏನು ಮಾಡುವುದು? ಎಸೆದರೆ ಪಾಪ. ಮನೆಯಲ್ಲಿಟ್ಟರೆ ಸೆಫಿಂಗ್ ನೋಡುತ್ತಾಳೆ. ಎರಡನೇ ಬಾಗಿಲಿನಲ್ಲಿ ನಿಲ್ಲುವ ಜೋನಲಿನ್ ನೆನಪಾದಳು. ಇಪ್ಪತ್ತೊಂಬತ್ತರ ಹುಡುಗಿ, ಹತ್ತು ತಿಂಗಳ ಕೂಸಿನ ತಾಯಿ, ಹಡಗಿನ ಕೆಲಸಕ್ಕೆ ಹೋದ ಗಂಡನ ಸುದ್ದಿಯೇ ಇಲ್ಲ. ಹೆರಿಗೆಯಾದಾಗಿನಿಂದ ಪಾದ ಊದುತ್ತದೆ ಎಂದು ಗೋಳಾಡುತ್ತಿದ್ದಳು.

"ತಗೊಳ್ಳೇ, ಇದು ಹಾಕ್ಕೊ. ಡಾಕ್ಟ್ರು ಮಾಡ್ಸಿದ್ದು. ನನ್ನ ಕಾಲಿಗೆ ಸರಿ ಹೊಂದ್ಲಿಲ್ಲ, ನಿಂದು ಎಳೇ ಕಾಲು, ಒಗ್ಗುತ್ತೆ."

"ಅಯ್ಯೋ ಮನಾಂಗ್, ಇಷ್ಟು ದುಬಾರಿದು ನನಗ್ಯಾಕೆ? ನಿಮ್ಮ ಮಕ್ಕಳಿಗೆ..."

"ಸುಮ್ನೆ ತಗೊ ಅಂದ್ರೆ."

ಜೋನಲಿನ್, ಅಲ್ಲಿ ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ, ಅವಳ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. ದೊಮಿಂಗಾಳಿಗೆ ಆ ದಿನ ಏನೋ ಪುಣ್ಯದ ಕೆಲಸ ಮಾಡಿದ ಸಮಾಧಾನ. ಕೊಡುವಾಗ ಕೆಟ್ಟ ಮನಸ್ಸಿರಲಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಗುರುವಾರ ರಜೆ. ಕಿತ್ತುಹೋದ ಶೂ ಹಿಡಿದು, ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ರಿಪೇರಿಗೆ ಕೂರುವ ತಿಬುರ್ಸಿಯೊ ಮುದುಕನ ಹತ್ತಿರ ಹೋದಳು. ಅವನು ಮೂವತ್ತು ವರ್ಷ ಶೂ ಕಾರ್ಖಾನೆಗಳಲ್ಲಿ ದುಡಿದವನು. ಬಾಯಿ ಜೋರು, ಕೈ ಚುರುಕು. ಶೂ ಒಳಗೆ ಕೈಹಾಕಿ ಆ ಕುಸಿದ ಜೆಲ್ಲಿಯನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿದ.

"ಇದನ್ನ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ ಕೊಂಡೆ ಅಲ್ವಾ?"

"ಹೌದು. ಇನ್ನೆಂಗೆ ನೋಡ್ಬೇಕಿತ್ತು?"

"ನಿನ್ನ ಹೆಬ್ಬೆಟ್ಟು ಅರವತ್ತು ಕಿಲೋ ತೂಗುತ್ತಾ? ಮೆತ್ತಗಿದ್ದದ್ದೆಲ್ಲ ಒಳ್ಳೇದು ಅಂತ ಯಾರು ಹೇಳಿದ್ದು ನಿಂಗೆ? ಇಲ್ಲಿ ಕಾಲು ಒದ್ದೆ ಮಾಡಿ ಪೇಪರ್ ಮೇಲೆ ಇಡು."

ಇಟ್ಟಳು. ಪಾದ ಪೂರ್ತಿ ಅಚ್ಚೊತ್ತಿತು, ನಡುವೆ ಖಾಲಿ ಜಾಗವೇ ಇಲ್ಲ.

"ಬಾತುಕೋಳಿ!" ಎಂದ ಮುದುಕ. "ನಿನಗೆ ಬೇಕಾಗಿರೋದು ಹಾಸಿಗೆ ಅಲ್ಲ, ಊರುಗೋಲು. ಇಲ್ಲಿ ನೋಡು, ಇದು ನೂರಾ ಎಂಬತ್ತು ಪೆಸೊ. ಮಡಿಚು. ಬೆರಳ ಕಡೆ ಬಗ್ಗುತ್ತೆ, ನಡುವೆ ಬಗ್ಗಲ್ಲ. ಹಿಮ್ಮಡಿಗೆ ಬಟ್ಟಲ ಥರ ಗುಳಿ ಇದೆ. ಇಷ್ಟಿದ್ರೆ ಸಾಕು, ಸಾವಿರಾರು ಸುರೀಬೇಕಿಲ್ಲ. ಶೂ ಒಳಗಿರೋ ಹಳೇದನ್ನ ಕಿತ್ತು ಹಾಕಿ ಆಮೇಲೆ ಇದನ್ನ ಹಾಕು. ಇವತ್ತು ಎರಡು ಗಂಟೆ, ನಾಳೆ ನಾಲ್ಕು. ಒಂದೇ ಸಲ ಜಂಬ ಮಾಡ್ಬೇಡ."

ದೊಮಿಂಗಾ ಹಾಕಿಕೊಂಡು ಎದ್ದು ನಿಂತಳು. ಒತ್ತುತ್ತಿತ್ತು, ಆದರೆ ಯಾರೋ ಕೆಳಗಿನಿಂದ ಅಂಗೈ ಕೊಟ್ಟ ಹಾಗೆ. ಸಂತೋಷಕ್ಕೆ ಬಾಯಿ ಬಿಟ್ಟಳು.

"ಇದಕ್ಕಿಂತ ಒಳ್ಳೇದೇ ಇತ್ತು ಮನೋಂಗ್ ನನ್ನ ಹತ್ರ. ಫಾರಿನ್ನಿಂದು, ಒಬ್ಬರ ಹೆಸರು ಬರೆದಿತ್ತು. ನನ್ನ ಕಾಲೇ ಸರಿ ಇಲ್ಲ. ಎಡಗಡೇದು ಇಷ್ಟು ದಪ್ಪ ಇತ್ತು, ಬಲಗಡೇದು ಪಾಪ ಸವೆದು..."

ಮುದುಕ ಸುತ್ತಿಗೆ ಕೆಳಗಿಟ್ಟ. "ಬಲಗಡೆ ಚರ್ಮ ಹರಿದಿತ್ತಾ?"

"ಇಲ್ಲ."

"ಮತ್ತೆ ಸವೆದಿದ್ದು ಹೆಂಗೆ?" ಒಂದು ಬೆಂಕಿಪೊಟ್ಟಣ ತೆಗೆದು ಅವಳ ಎಡ ಹಿಮ್ಮಡಿಯ ಕೆಳಗೆ ತೂರಿಸಿದ. "ನಡಿ. ನಡಿ ಅಂದ್ನಲ್ಲ. ಹಿಂಗೇ ವಾಲ್ತಿದ್ದೆ ತಾನೇ? ಅದು ಎಡಗಾಲು ಗಿಡ್ಡ ಇರೋ ಯಾರಿಗೋ ಅಳತೆ ತೆಗೆದು ಮಾಡಿದ್ದು. ಅವರಿಗೆ ಅದು ಔಷಧಿ. ಎರಡು ಕಾಲೂ ಸಮ ಇರೋರು ಹಾಕಿದ್ರೆ ಕುಂಟ್ತಾರೆ, ಸೊಂಟ ಹೋಗುತ್ತೆ. ಎಲ್ಲಿದೆ ಅದು ಈಗ?"

"ಒಬ್ಬಳಿಗೆ ಕೊಟ್ಟೆ."

"ಇವತ್ತೇ ಹೋಗಿ ತೆಗೆಸು."

"ಹ್ಞೂಂ," ಎಂದಳು ದೊಮಿಂಗಾ.

ಅವತ್ತು ಹೋಗಲಿಲ್ಲ. ಜೋನಲಿನ್ ಮನೆ ಗುಡ್ಡದ ಆಚೆ, ನಾಳೆ ಹೇಗೂ ಸಿಗುತ್ತಾಳಲ್ಲ ಎಂದುಕೊಂಡಳು. ಶುಕ್ರವಾರ ಮಧ್ಯಾಹ್ನ ಇಬ್ಬರಿಗೂ ಒಟ್ಟಿಗೆ ಊಟದ ಬಿಡುವು. ಮಳಿಗೆಯ ಹಿಂದಿನ ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಬುತ್ತಿ ಬಿಚ್ಚಿದರು. ಒಣಮೀನು, ಅನ್ನ, ಸೀಮೆಬದನೆ ಕುಡಿಯ ಪಲ್ಯ. ಜೋನಲಿನ್ ಬರುವಾಗಲೇ ಎಡಗಾಲು ಎತ್ತಿ ಎತ್ತಿ ನಡೆಯುತ್ತಿದ್ದಳು. ಅಲ್ಲಿದ್ದ ಇನ್ನಿಬ್ಬರಿಗೆ ಹೇಳುತ್ತಿದ್ದಳು:

"ಮನಾಂಗ್ ಕೊಟ್ಟಿದ್ದು ಗೊತ್ತಾ? ಡಾಕ್ಟ್ರ ಹಾಸು. ನಮ್ಮಮ್ಮನೂ ಇಷ್ಟು ಮಾಡ್ತಿರ್ಲಿಲ್ಲ ನನಗೆ."

ಮಾತು ನಾಲಿಗೆ ತುದಿಗೆ ಬಂತು. ಎಲ್ಲರೆದುರು ಹೇಳಿದರೆ ಹುಡುಗಿಗೆ ಅವಮಾನ ಎಂದುಕೊಂಡಳು. ಅವರಿಬ್ಬರೂ ಎದ್ದು ಹೋದರು. ಈಗ ಹೇಳಿದರೆ ಕೆಟ್ಟದ್ದು ಕೊಟ್ಟಳು ಅಂತ ಆಗುತ್ತದೆ, ಸೆಫಿಂಗ್ ಕಿವಿಗೂ ಬೀಳುತ್ತದೆ ಎಂದುಕೊಂಡಳು. ಇವೆಲ್ಲ ಕಾರಣಗಳೇ, ಇಲ್ಲವೆನ್ನುವುದಿಲ್ಲ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದು ಕಾರಣ ಹಾವಿನಂತೆ ಸುರುಳಿ ಸುತ್ತಿ ಮಲಗಿತ್ತು. ನಾಳೆ ಇಬ್ಬರು ಹೋಗಬೇಕು. ಹನ್ನೊಂದು ಜನರಲ್ಲಿ ಕಣ್ಣು ಮಂಜಾದ ಎಫ್ರೆನ್ ಹೋಗುವುದು ಖಾತ್ರಿ. ಇನ್ನೊಬ್ಬರು ಯಾರು? ಈ ಹುಡುಗಿ ಇವತ್ತಿನ ಹಾಗೆಯೇ ನಡೆದರೆ, ಹಿಮ್ಮಡಿ ಊರಲು ಹೆದರುವ ತನ್ನಂಥ ನಲವತ್ತಾರರ ಹೆಂಗಸಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಆ ಯೋಚನೆ ಬಂದದ್ದು ತನಗೇ ಎಂದು ದೊಮಿಂಗಾಳಿಗೆ ಗೊತ್ತಾಯಿತು. ಗೊತ್ತಾದರೂ ಹಾಸಿನ ಮಾತೆತ್ತಲಿಲ್ಲ. ತನ್ನ ಬುತ್ತಿಯ ದೊಡ್ಡ ಮೀನನ್ನು ಎತ್ತಿ ಜೋನಲಿನ್ ತಟ್ಟೆಗೆ ಹಾಕಿದಳು.

"ತಿನ್ನೇ. ಹಾಲುಣಿಸೋಳು ನೀನು."

ಶನಿವಾರ ಮಳಿಗೆ ತೆಗೆಯುವ ಮೊದಲು, ವಾಹನ ನಿಲ್ಲಿಸುವ ಖಾಲಿ ಜಾಗದಲ್ಲಿ ಹನ್ನೊಂದು ಜನ ಸಾಲಾಗಿ ನಿಂತರು. ಮಂಜು ಇನ್ನೂ ಎದ್ದಿರಲಿಲ್ಲ. ಒಬಿಸ್ಪೊ ಸಾಹೇಬರು ಕಾಫಿ ಲೋಟ ಹಿಡಿದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಕೊಂಡೇ ನೋಡಿದರು. ಒಬ್ಬೊಬ್ಬರಾಗಿ ಮೂವತ್ತು ಹೆಜ್ಜೆ ಹೋಗಿ, ತಿರುಗಿ, ಸಲಾಂ ಹೊಡೆದು ಬರಬೇಕು. ದೊಮಿಂಗಾ ನಡೆದಳು. ಹಿಮ್ಮಡಿ ಚುಳ್ಳೆಂದಿತು, ಅಂಗಾಲಿನ ಕೆಳಗೆ ಆ ನೂರಾ ಎಂಬತ್ತು ಪೆಸೊದ ಆಸರೆ ಕೈಬಿಡಲಿಲ್ಲ. ನೆಟ್ಟಗೆ ಹೋಗಿ ನೆಟ್ಟಗೆ ಬಂದಳು. ಅವಳ ಹಿಂದೆಯೇ ಜೋನಲಿನ್. ನಾಲ್ಕನೇ ಹೆಜ್ಜೆಗೇ ಸಾಹೇಬರು ಲೋಟ ಕೆಳಗಿಟ್ಟರು.

"ಏನಮ್ಮಾ, ಕಾಲಿಗೇನಾಯ್ತು?"

"ಏನಿಲ್ಲ ಸರ್. ಸರಿಯಾಗಿದೀನಿ ಸರ್."

"ಇನ್ನೊಂದು ಸಲ ನಡಿ."

ಇನ್ನೊಂದು ಸಲ ನಡೆದಳು, ಇನ್ನಷ್ಟು ವಾಲಿತು. ದೊಮಿಂಗಾ ಎರಡು ಮಾರು ದೂರದಲ್ಲಿದ್ದಳು. "ಸರ್, ಅದು ಶೂ ಒಳಗಿನ ಹಾಸು ಸರ್, ತೆಗೆದರೆ ಸರಿಹೋಗುತ್ತೆ" ಎನ್ನಲು ಒಂದು ಉಸಿರು ಸಾಕಾಗಿತ್ತು. ಅವಳು ನೇರ ಮುಂದೆ ನೋಡುತ್ತಾ ನಿಂತಳು. ಎಂಟು ಗಂಟೆಗೆ ಪಟ್ಟಿ ಅಂಟಿಸಿದರು. ಎಫ್ರೆನ್, ಜೋನಲಿನ್. ಫೋನು ಹತ್ತಿರ ಇಟ್ಟುಕೊಂಡಿರಿ.

ಎರಡು ವಾರ ಕಳೆಯಿತು. ಹಿಮ್ಮಡಿಯ ನೋವು ದಿನದಿಂದ ದಿನಕ್ಕೆ ಇಳಿಯಿತು, ದೊಮಿಂಗಾಳ ನಿದ್ದೆಯೂ ಇಳಿಯಿತು. ಒಲೆಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದಳು, ಅನ್ನ ಸೀದು ಹೋಗುತ್ತಿತ್ತು. ಅಬೆಲಾರ್ಡೊ ಕೇಳಿದರೆ ಸಿಡುಕುತ್ತಿದ್ದಳು. ಕೊನೆಗೆ ಒಂದು ಭಾನುವಾರ ಪ್ರಾರ್ಥನೆಗೂ ಹೋಗದೆ, ತಿಬುರ್ಸಿಯೊ ಹತ್ತಿರ ಇನ್ನೊಂದು ಜೋಡಿ ಹಾಸು ಕೊಂಡು, ಗುಡ್ಡ ಹತ್ತಿ ಜೋನಲಿನ್ ಮನೆಗೆ ಹೋದಳು.

ತಗಡಿನ ಒಂದು ಕೋಣೆ. ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋದಳು. ಜೋನಲಿನ್ ನೆಲದ ಮೇಲೆ ಕೂತು ಯಾರದೋ ಬಟ್ಟೆಗಳ ರಾಶಿಯಿಂದ ಹಳೇ ಗುಂಡಿ ಬಿಡಿಸುತ್ತಿದ್ದಳು. ಕೂಸು ಬೆನ್ನಿಗೆ ಕಟ್ಟಿಕೊಂಡಲ್ಲೇ ಮಲಗಿತ್ತು.

"ಮನಾಂಗ್! ಬನ್ನಿ ಬನ್ನಿ. ಯಾರೂ ಬರ್ಲಿಲ್ಲ ನನ್ನ ನೋಡೋಕೆ, ನೀವಾದ್ರೂ ಬಂದ್ರಲ್ಲ."

ದೊಮಿಂಗಾ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. "ನಾನು ಕೊಟ್ಟ ಹಾಸು ಸರಿ ಇರ್ಲಿಲ್ಲ ಕಣೇ. ನೀನು ಕುಂಟಿದ್ದು ಅದ್ರಿಂದ್ಲೇ. ನಿನ್ನ ಕಾಲು ಚೆನ್ನಾಗೇ ಇದೆ."

"ಗೊತ್ತು ಮನಾಂಗ್," ಎಂದಳು ಜೋನಲಿನ್. "ಹಾಕಿದ ದಿನವೇ ನೋವಾಯ್ತು. ತೆಗೆದ ಮಾರನೇ ದಿನವೇ ಹೋಯ್ತು."

"ಮತ್ತೆ ಯಾಕೆ ತೆಗೀಲಿಲ್ಲ? ತಪಾಸಣೆ ದಿನವಾದ್ರೂ ತೆಗೀಬಾರ್ದಿತ್ತಾ?"

"ನೀವು ಕೊಟ್ಟಿದ್ದು. ನಿಮ್ಮ ಕಣ್ಣೆದುರಿಗೇ ಹೆಂಗೆ ತೆಗೆದಿಡ್ಲಿ? ನಿಮಗೆ ಬೇಜಾರಾಗಲ್ವಾ?" ಅವಳು ನಗಲು ನೋಡಿದಳು. "ಹೋಗ್ಲಿ ಬಿಡಿ. ನಿಮಗೇನು ಗೊತ್ತಿತ್ತು, ಪಾಪ."

ಇಲ್ಲಿಗೆ ಮುಗಿಸಬಹುದಿತ್ತು. ಹುಡುಗಿಯೇ ಬಾಗಿಲು ತೆಗೆದುಕೊಟ್ಟಿದ್ದಳು, ಪಾಪ ಎಂದಿದ್ದಳು. ಹೌದೆಂದು ತಲೆಯಾಡಿಸಿ ಬಂದಿದ್ದರೆ ಇಬ್ಬರೂ ಮೊದಲಿನ ಹಾಗೆ ಇರುತ್ತಿದ್ದರು.

"ಗೊತ್ತಿತ್ತು," ಎಂದಳು ದೊಮಿಂಗಾ. "ಗುರುವಾರವೇ ಗೊತ್ತಿತ್ತು. ರಿಪೇರಿ ಮುದುಕ ಹೇಳಿದ್ದ, ಇವತ್ತೇ ಹೋಗಿ ತೆಗೆಸು ಅಂತ. ನೀನು ಹೋದ್ರೆ ನಾನು ಉಳೀತೀನಿ ಅಂತ ಸುಮ್ಮನಿದ್ದೆ."

ಜೋನಲಿನ್ ಕೈಯಲ್ಲಿದ್ದ ಗುಂಡಿ ಕೈಯಲ್ಲೇ ಉಳಿಯಿತು. ಬೆರಳು ಮಡಿಚಿ ದಿನ ಎಣಿಸುವಂತೆ ಕಂಡಳು. ಕೂಗಾಡಿದ್ದರೆ, ಒಂದೇಟು ಹೊಡೆದಿದ್ದರೆ ದೊಮಿಂಗಾಳಿಗೆ ಹಗುರವಾಗುತ್ತಿತ್ತು.

"ಶುಕ್ರವಾರ ಒಟ್ಟಿಗೆ ಊಟ ಮಾಡಿದ್ವಿ," ಎಂದಳು. "ನನ್ನ ತಟ್ಟೆಗೆ ಮೀನು ಹಾಕಿದ್ರಿ."

"ಹೌದು."

ದೊಮಿಂಗಾ ಹೊಸ ಹಾಸಿನ ಪೊಟ್ಟಣವನ್ನು ಚಾಪೆಯ ಮೇಲಿಟ್ಟಳು. ಇದು ಸರಿಯಾದದ್ದು, ಮಡಿಚಿ ನೋಡಿ ತಂದಿದ್ದೇನೆ, ಒಬಿಸ್ಪೊ ಸಾಹೇಬರಿಗೆ ನಾನೇ ಫೋನು ಮಾಡಿ ನಿಜ ಹೇಳುತ್ತೇನೆ ಎಂದೆಲ್ಲ ತೊದಲಿದಳು. ಜೋನಲಿನ್ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಸಿಟ್ಟಿನ ದನಿಯೇ ಇರಲಿಲ್ಲ.

"ಇದು ನಿಂತು ಕೆಲಸ ಮಾಡೋರಿಗೆ ಮನಾಂಗ್. ನಾನೀಗ ಕೂತಿದೀನಿ."

ಮತ್ತೆ ಗುಂಡಿ ಬಿಡಿಸತೊಡಗಿದಳು. ದೊಮಿಂಗಾ ಪೊಟ್ಟಣ ಎತ್ತಿಕೊಂಡು ಹೊರಗೆ ಬಂದು, ಬಾಗಿಲಲ್ಲಿ ಶೂ ಹಾಕಿಕೊಂಡಳು. ಗುಡ್ಡದಿಂದ ಕೆಳಗೆ ನೂರಾರು ಮೆಟ್ಟಿಲು. ಒಂದೇ ಒಂದು ಮೆಟ್ಟಿಲಲ್ಲಾದರೂ ಹಿಮ್ಮಡಿ ನೋಯಲಿ ಎಂದು ಕಾಯುತ್ತಾ ಇಳಿದಳು, ನೋಯಲಿಲ್ಲ.